ಪಣಜಿ ಸುತ್ತಲಿನ ದ್ವೀಪಗಳಲ್ಲಿ ಗ್ರಾವೆಲ್ ಸೈಕಲ್: ಫೆರಿ, ಬಾಂದ್, ಉಬ್ಬರದ ಲೆಕ್ಕ

ಹುಬ್ಬಳ್ಳಿ_ಹವಾ:
ಡಿಸೆಂಬರ್‌ದಾಗ ನಾಕು ಮಂದಿ ಸೈಕಲ್ ತಗೊಂಡು ಪಣಜಿಗೆ ಬರೋರಿದ್ದೀವಿ. ಎರಡು ಗ್ರಾವೆಲ್ ಬೈಕ್ (ಮಣ್ಣು, ಜಲ್ಲಿ ದಾರಿಗೂ ನಡಿಯೋ ಸೈಕಲ್), 40 ಮಿ.ಮೀ. ಟಯರ್, ಟ್ಯೂಬ್‌ಲೆಸ್. ಇನ್ನೆರಡು ಹೈಬ್ರಿಡ್, 35 ಮಿ.ಮೀ., ಒಳಗ ಟ್ಯೂಬ್ ಅದಾವು. ಬೀಚ್ ರೋಡಿನ ಗದ್ದಲ ಬ್ಯಾಡ. ದಿವಾರ್, ಚೋರಾವ್ ದ್ವೀಪದಾಗ ಮಣ್ಣಿನ ದಾರಿ ಚಲೋ ಅದಾವು ಅಂತ ಕೇಳೀವಿ. ದಿನಕ್ಕ 40–50 ಕಿ.ಮೀ. ಸಾಕು. ಫೆರಿ ಹೆಂಗ, ದಾರಿ ಹೆಂಗ, ಏನೇನು ಸಾಮಾನು ಇಟ್ಕೋಬೇಕು, ಗೊತ್ತಿದ್ದವರು ಬಿಡಿಸಿ ಹೇಳ್ರಿ.

ರಿಬಂದರ್_ದಂಡೆ:
ಮೊದಲ ಸಲ ಬರುವವರಿಗೆ ನಾನು ಹೇಳುವುದು ಒಂದೇ ಸುತ್ತು. ಪಣಜಿಯಿಂದ ರಿಬಂದರ್, ಹಳೆ ಗೋವಾ. ಅಲ್ಲಿ ಫೆರಿ ಹತ್ತಿ ದಿವಾರ್ (ಊರವರ ಬಾಯಲ್ಲಿ ದಿವಾಡಿ). ದಿವಾರಿನ ಆಚೆ ತುದಿಯಲ್ಲಿ ಎರಡನೇ ಫೆರಿ, ಇಳಿಯುವುದು ನಾರ್ವೆ. ನಾರ್ವೆಯಿಂದ ಮಯೆಂ ಮೇಲೆ ಬಂದು ಸೇತುವೆ ದಾಟಿದರೆ ಚೋರಾವ್ (ಚೋಡಣ). ಚೋರಾವಿನ ಕೊನೆಗೆ ಮೂರನೇ ಫೆರಿ, ಮತ್ತೆ ರಿಬಂದರ್. ನೆಟ್ಟಗೆ ಬಂದರೆ ಸುಮಾರು 40 ಕಿ.ಮೀ.; ಬಾಂದ್‌ಗಳ (ಹೊಳೆಯ ಬದಿಯ ಮಣ್ಣಿನ ಒಡ್ಡುಗಳ) ಮೇಲೆ ಅಡ್ಡಾಡಿದರೆ 50 ಮುಟ್ಟುತ್ತದೆ.

ಈ ದಿಕ್ಕಿನಲ್ಲೇ ಸುತ್ತಬೇಕು, ಕಾರಣ ಎರಡು. ರಿಬಂದರಿನಿಂದ ಹಳೆ ಗೋವಾಕ್ಕೆ ಹೋಗುವ ದಾರಿ ಕಿರಿದು, ಮನೆಗಳ ಬಾಗಿಲಿಗೇ ತಾಗಿದಂತಿದೆ. ಬೆಳಿಗ್ಗೆ ಎಂಟೂವರೆಯ ನಂತರ ಅಲ್ಲಿ ಬಸ್ಸಿಗೂ ಕಾರಿಗೂ ಜಾಗ ಸಾಲದು, ಸೈಕಲ್ಲಿಗೆ ಎಲ್ಲಿಂದ ಬರಬೇಕು? ಆರೂವರೆಗೆ ಹೊರಟರೆ ಆ ತುಂಡು ಹೂವೆತ್ತಿದಂತೆ ಮುಗಿಯುತ್ತದೆ. ಎರಡನೆಯದು, ನಾರ್ವೆ ಕಡೆಯ ಫೆರಿ ಆಗಾಗ ಬರುವುದಲ್ಲ, ಚೋರಾವ್–ರಿಬಂದರ್ ಫೆರಿ ಮೇಲಿಂದ ಮೇಲೆ ಇರುತ್ತದೆ. ಅಪರೂಪದ ಫೆರಿಯನ್ನು ಬೆಳಿಗ್ಗೆಯೇ ಮುಗಿಸಿ, ಸಲೀಸಾದದ್ದನ್ನು ಕೊನೆಗೆ ಇಟ್ಟುಕೊಳ್ಳಿ. ತಿರುಗಿಸಿ ಸುತ್ತಿದವರು ಸಂಜೆ ನಾರ್ವೆ ಧಕ್ಕೆಯಲ್ಲಿ ಕಾಯುತ್ತ ನಿಲ್ಲಬೇಕಾಗುತ್ತದೆ.

ಪಣಜಿ ಬಿಟ್ಟ ಕೂಡಲೇ ಸಿಗುವ ಕಾಸ್‌ವೇ (ತಗ್ಗು ಜೌಗಿನ ಮೇಲೆ ಏರಿಸಿ ಕಟ್ಟಿದ ರಸ್ತೆ) ಬಗ್ಗೆ ಒಂದು ಮಾತು. ಪೋಂತೆ ದ ಲಿನ್ಯಾರೆಸ್ ಅಂತ ಹೆಸರು, 1630ರ ದಶಕದಲ್ಲಿ ಕಟ್ಟಿದ್ದು, 3 ಕಿ.ಮೀ.ಗೆ ಸ್ವಲ್ಪ ಹೆಚ್ಚು ಉದ್ದ. ಎಡಕ್ಕೆ ಮಾಂಡವಿ, ಬಲಕ್ಕೆ ಉಪ್ಪಿನ ಆಗರ. ಆಗರದ ಬದುಗಳು ನುಣ್ಣಗೆ ಕಾಣುತ್ತವೆ ಅಂತ ಸೈಕಲ್ ಇಳಿಸಬೇಡಿ. ಜೇಡಿಮಣ್ಣನ್ನು ಕೈಯಿಂದ ತಟ್ಟಿ ಮಟ್ಟ ಮಾಡಿದ ಬದು ಅದು. ಒಂದು ಟಯರ್ ಗೆರೆ ಸಾಕು, ನೀರು ಜಿನುಗಿ ಪಕ್ಕದ ಪಾತ್ರಕ್ಕೆ ಸೇರುತ್ತದೆ. ಸಾಣಿಕಟ್ಟೆಯ ಆಗರ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ದಿವಾರಿನಲ್ಲಿ ಇಳಿದ ಮೇಲೆ ಡಾಂಬರು ದಾರಿ ಗದ್ದೆ ಬಯಲಿನ ನಡುವೆ ಪಿಯದಾದೆಗೆ ಹೋಗುತ್ತದೆ. ಗುಡ್ಡದ ಮೇಲೆ ಇಗರ್ಜಿ. ಏರು ಚಿಕ್ಕದು, ಆದರೆ ಕಡಿದು. ಇಗರ್ಜಿಯ ಅಂಗಳದಿಂದ ಮಾಂಡವಿಯ ಕವಲುಗಳು, ಬಾಂದ್‌ಗಳ ಗೆರೆ ಎಲ್ಲ ಕಾಣುತ್ತದೆ. ಯಾವ ಬಾಂದ್ ಎಲ್ಲಿ ಕಡಿದಿದೆ ಎಂದು ಅಲ್ಲಿಂದಲೇ ಕಣ್ಣಲ್ಲಿ ಅಳೆದು ಕೆಳಗಿಳಿಯಿರಿ, ಮ್ಯಾಪಿಗಿಂತ ಅದು ನಂಬಿಕೆಯದು. ದಿವಾರಿಗೆ ರಸ್ತೆ ಸೇತುವೆ ಇಲ್ಲ, ಫೆರಿ ಒಂದೇ. ದಾರಿಗಳು ಖಾಲಿ ಇರುವುದು ಅದರಿಂದಲೇ.

ಕಗ್ಗ_ಭತ್ತ:
ಬಾಂದ್ ವಿಷಯ ಬಂದದ್ದರಿಂದ ಹೇಳುತ್ತೇನೆ. ಇದನ್ನು ತಿಳಿಯದೆ ಯಾರೂ ಅದರ ಮೇಲೆ ಚಕ್ರ ಇಡಬಾರದು.

ನಮ್ಮ ಅಘನಾಶಿನಿಯ ಗಜನಿ ಗೊತ್ತಿದ್ದರೆ ಗೋವಾದ ಖಾಜನ್ ಅರ್ಧ ಗೊತ್ತಿದ್ದಂತೆ. ಉಪ್ಪುನೀರಿನ ಹೊಳೆ, ಅದಕ್ಕಿಂತ ತಗ್ಗಿನಲ್ಲಿ ಗದ್ದೆ, ನಡುವೆ ಮಣ್ಣಿನ ಒಡ್ಡು. ನಮ್ಮಲ್ಲಿ ಕಗ್ಗ, ಅವರಲ್ಲಿ ಕೊರಗೂಟ್, ಎರಡೂ ಉಪ್ಪು ತಡೆಯುವ ಭತ್ತ. ಹೊರಗಿನ ಒಡ್ಡನ್ನು ಅವರು ಬಾಂದ್ ಅನ್ನುತ್ತಾರೆ. ಹೊಳೆಯ ಬದಿಗೆ ಚಿರೇಕಲ್ಲಿನ ಕಟ್ಟು, ಒಳಗೆ ಹೊಳೆಯ ಜೇಡಿ, ಹುಲ್ಲು. ಒಡ್ಡಿನ ನಡುವೆ ತೂಬು, ಅದಕ್ಕೆ ಮಾನಸ್ ಎಂದು ಹೆಸರು. ತೂಬಿನ ಮರದ ಬಾಗಿಲನ್ನು ಯಾರೂ ತೆಗೆದು ಹಾಕಬೇಕಿಲ್ಲ: ಉಬ್ಬರದಲ್ಲಿ ಹೊರಗಿನ ನೀರು ದೂಡಿ ಮುಚ್ಚುತ್ತದೆ, ಇಳಿತದಲ್ಲಿ ಒಳಗಿನ ನೀರು ದೂಡಿ ತೆರೆಯುತ್ತದೆ.

ಈಗ ಸೈಕಲ್ಲಿನ ಲೆಕ್ಕ. ಒಣಗಿದ ಬಾಂದ್ ಕಾಂಕ್ರೀಟಿನಷ್ಟು ಗಟ್ಟಿ, 40 ಮಿ.ಮೀ. ಟಯರ್ ಏನೂ ಮಾಡದು. ಅದೇ ಬಾಂದ್ ನೆನೆದಾಗ ಚಕ್ರ ಎರಡು ಬೆರಳು ಇಳಿಯುತ್ತದೆ. ಆ ಗೆರೆಯಲ್ಲಿ ಮಳೆನೀರು ಹರಿಯುತ್ತದೆ, ಗೆರೆ ಕೊರಕಲಾಗುತ್ತದೆ, ಹುಣ್ಣಿಮೆಯ ಉಬ್ಬರ ಕೊರಕಲನ್ನು ಹುಡುಕಿಕೊಂಡು ಬರುತ್ತದೆ. ಒಡ್ಡು ಒಡೆದರೆ ಉಪ್ಪುನೀರು ಒಳಗೆ ನುಗ್ಗಿ ಆ ವರ್ಷದ ಬೆಳೆ ಹೋಗುತ್ತದೆ, ಮಣ್ಣಿನ ಉಪ್ಪು ಇಳಿಯಲು ಮತ್ತೆ ಮಳೆಗಾಲ ಬೇಕು. ಆದ್ದರಿಂದ ಹಿಮ್ಮಡಿ ಊರಿ ನೋಡಿ. ಗುರುತು ಬಿದ್ದರೆ ಸೈಕಲ್ ಇಳಿಯಿರಿ, ಹಿಂದಕ್ಕೆ ತಿರುಗಿ. ಇದಕ್ಕೆ ಬೇರೆ ಮಾತಿಲ್ಲ.

ಮಾಂಡವಿ_ಮಳೆ:
ಹಾಗಾದರೆ ಜುಲೈ–ಆಗಸ್ಟಿನಲ್ಲಿ? ಗೋವಾ ಅಂದರೆ ಮಳೆಗಾಲವೇ ಚೆಂದ. ಹಸಿರು ಗದ್ದೆಯ ನಡುವೆ ಬಾಂದ್ ಮೇಲೆ ಹೋಗುವ ಫೋಟೊಗಳು ಎಷ್ಟೋ ಕಡೆ ಬರುತ್ತವೆ. ಆಗಸ್ಟಿನ ನಾಲ್ಕನೇ ಶನಿವಾರ ದಿವಾರಿನಲ್ಲಿ ಬೊಂದೆರಾಂ ಹಬ್ಬವೂ ಇದೆ. ಅದಕ್ಕೆ ಸೇರಿಸಿ ಒಂದು ಸವಾರಿ ಮಾಡಬೇಕೆಂದಿದ್ದೇನೆ.

ಕಗ್ಗ_ಭತ್ತ:
ಹಬ್ಬಕ್ಕೆ ಖಂಡಿತ ಬನ್ನಿ, ಡಾಂಬರಿನ ಮೇಲೆ ಬನ್ನಿ. ಬಾಂದ್ ಮೇಲೆ ಬೇಡ ಮಾರಾಯ್ರೆ. ಜೂನ್‌ನಲ್ಲಿ ಬಿತ್ತನೆ, ಅಕ್ಟೋಬರಿನ ಹೊತ್ತಿಗೆ ಕೊಯ್ಲು. ಆ ನಡುವಿನ ತಿಂಗಳುಗಳಲ್ಲೇ ಒಡ್ಡಿಗೆ ಎರಡೂ ಕಡೆಯಿಂದ ನೀರಿನ ಒತ್ತಡ, ಅದು ಅತಿ ಬಲಹೀನವಾಗಿರುವುದೂ ಆಗಲೇ. ಏಪ್ರಿಲ್–ಮೇಯಲ್ಲೂ ನೋಡಿಕೊಳ್ಳಬೇಕು: ಮಳೆಗೆ ಮುಂಚೆ ಹೊಸ ಜೇಡಿ ಮೆತ್ತಿ ರಿಪೇರಿ ಮಾಡಿರುತ್ತಾರೆ, ಮೇಲೆ ಸಿಪ್ಪೆಯಂತೆ ಒಣಗಿ ಒಳಗೆ ಹಸಿಯೇ ಇರುತ್ತದೆ. ಬಣ್ಣದಲ್ಲೇ ಗೊತ್ತಾಗುತ್ತದೆ. ಹಳೇ ಒಡ್ಡು ಕಂದು, ಅದರ ಮೇಲೆ ಹುಲ್ಲು. ಹೊಸ ಮೆತ್ತಿಗೆ ಬೂದಿಗಪ್ಪು, ಬಿರುಕು ಬಿಟ್ಟಿರುತ್ತದೆ. ಡಿಸೆಂಬರಿನಿಂದ ಮಾರ್ಚ್ ತನಕ ಸೈಕಲ್ಲಿನ ಕಾಲ.

ಇನ್ನೊಂದು. ಇಳಿತದ ಹೊತ್ತಿಗೆ ಮಾನಸ್ ಬಾಯಿಗೆ ಬಲೆ ಕಟ್ಟಿ ಮೀನು, ಸಿಗಡಿ ಹಿಡಿಯುತ್ತಾರೆ. ಆ ಹಕ್ಕನ್ನು ಹರಾಜಿನಲ್ಲಿ ದುಡ್ಡು ಕೊಟ್ಟು ಪಡೆದಿರುತ್ತಾರೆ. ಬಲೆ ಬಾಂದ್ ಮೇಲೆ ಒಣಗಿಸಿದ್ದರೆ ಸೈಕಲ್ ಎತ್ತಿಕೊಂಡು ದಾಟಿ. ಬಾಗಿಲು, ಹಲಗೆ, ಹಗ್ಗ ಯಾವುದನ್ನೂ ಮುಟ್ಟಬೇಡಿ.

ಮಾಂಡವಿ_ಮಳೆ:
ಒಪ್ಪಿದೆ. ಹಬ್ಬಕ್ಕೆ ಡಾಂಬರಿನಲ್ಲೇ.

ಅಲೆನ್‌ಕೀ_5:
ಸಾಮಾನಿನ ಮಾತಿಗೆ ಬರೋಣ. ಟಯರಿನಿಂದ ಶುರು.

ಹಿಂದಿನವರು ಜೇಡಿಯ ಬಗ್ಗೆ ಹೇಳಿದರು. ನಿಮ್ಮನ್ನು ನಿಲ್ಲಿಸುವುದು ಹೆಚ್ಚಾಗಿ ಜೇಡಿಯಲ್ಲ, ಚಿರೇಕಲ್ಲು. ಒಡೆದ ಚಿರೇಕಲ್ಲಿನ ಅಂಚು ಹರಿತ, ಟಯರಿನ ನಡುಭಾಗಕ್ಕಿಂತ ಪಕ್ಕದ ಗೋಡೆಯನ್ನು ಸೀಳುತ್ತದೆ. ತೂಬಿನ ಕಲ್ಲುಗಳಿಗೆ ಕಲುವೆ ಚಿಪ್ಪು ಅಂಟಿರುತ್ತದೆ, ಅದಂತೂ ಬ್ಲೇಡು. ರೇಸಿಗೆಂದು ಮಾಡಿದ ತೆಳು ಗೋಡೆಯ ಟಯರ್ ಇಲ್ಲಿ ಬೇಡ. 50–100 ಗ್ರಾಂ ತೂಕ ಹೆಚ್ಚಾದರೂ ಗೋಡೆಗೆ ರಕ್ಷಣೆಯ ಪದರ ಇರುವುದನ್ನು ಹಾಕಿ. ಹಲ್ಲು ದೊಡ್ಡದು ಬೇಕಿಲ್ಲ. ನಡುವೆ ನುಣುಪು, ಅಂಚಿಗೆ ಸಣ್ಣ ಹಲ್ಲು ಇದ್ದರೆ ಡಾಂಬರಿಗೂ ಒಣ ಬಾಂದ್‌ಗೂ ಸಾಕು.

ಗಾಳಿ: 70 ಕೆ.ಜಿ. ಆಸಾಮಿ, 40 ಮಿ.ಮೀ. ಟ್ಯೂಬ್‌ಲೆಸ್ ಆದರೆ ಮುಂದೆ 30, ಹಿಂದೆ 33 ಪಿಎಸ್‌ಐ. 80 ದಾಟಿದವರು ಎರಡಕ್ಕೂ 4 ಸೇರಿಸಿ. 35 ಮಿ.ಮೀ. ಟ್ಯೂಬ್ ಹೈಬ್ರಿಡ್‌ಗೆ ಮುಂದೆ 45, ಹಿಂದೆ 50. ಮೆತ್ತಗಿರಲಿ ಅಂತ ಟ್ಯೂಬಿನದಕ್ಕೆ 35 ಇಟ್ಟರೆ ಕಲ್ಲಿಗೆ ಹೊಡೆದಾಗ ಟ್ಯೂಬ್ ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕು ಅಕ್ಕಪಕ್ಕ ಎರಡು ತೂತು ಬೀಳುತ್ತದೆ, ಹಾವು ಕಚ್ಚಿದ ಹಾಗೆ. ಎರಡು ತೂತು ಕಂಡರೆ ಮುಳ್ಳು ಹುಡುಕಬೇಡಿ, ಗಾಳಿ ಕಡಿಮೆಯಾಗಿತ್ತು ಅಂತ ಅರ್ಥ. ಒಂದೇ ತೂತು, ನಿಧಾನವಾಗಿ ಇಳಿದದ್ದು ಅಂದರೆ ಮುಟ್ಟಿದರೆ ಮುನಿಯ ಮುಳ್ಳು. ಅದು ಟಯರಿನೊಳಗೇ ಮುರಿದು ಕೂತಿರುತ್ತದೆ. ಬೆರಳಿನಿಂದ ಒಳಗೆ ಸವರಿ ತೆಗೆಯದೆ ಹೊಸ ಟ್ಯೂಬ್ ಹಾಕಿದರೆ ಹತ್ತು ನಿಮಿಷಕ್ಕೆ ಅದೂ ಹೋಗುತ್ತದೆ.

ಸೀಲೆಂಟ್ (ತೂತು ಮುಚ್ಚಲು ಟ್ಯೂಬ್‌ಲೆಸ್ ಟಯರಿನೊಳಗೆ ಹಾಕುವ ದ್ರವ): 700×40ಕ್ಕೆ 60–80 ಮಿ.ಲೀ. ಈ ಸೆಕೆಗೆ ಎರಡು ಮೂರು ತಿಂಗಳಲ್ಲಿ ಒಣಗಿ ರಬ್ಬರ್ ಉಂಡೆಯಾಗುತ್ತದೆ. ಹೊರಡುವ ವಾರ ವಾಲ್ವ್ ಕೋರ್ ಬಿಚ್ಚಿ, ತೆಳ್ಳನೆ ಕೇಬಲ್ ಟೈ ಇಳಿಸಿ ನೋಡಿ. ಒದ್ದೆಯಾಗಿ ಬರದಿದ್ದರೆ 40 ಮಿ.ಲೀ. ಸೇರಿಸಿ. ಸೀಲೆಂಟ್ ಮುಚ್ಚುವುದು ಸಣ್ಣ ತೂತು ಮಾತ್ರ. ಚಿರೇಕಲ್ಲಿನ ಸೀಳಿಗೆ ರಬ್ಬರ್ ಪ್ಲಗ್ ತುರುಕಬೇಕು. ಪ್ಲಗ್ಗೂ ನಿಲ್ಲದಷ್ಟು ಅಗಲವಾಗಿದ್ದರೆ ಒಳಗಿನಿಂದ ಹಳೇ ಟಯರಿನ ತುಂಡು ಇಟ್ಟು ಟ್ಯೂಬ್ ಹಾಕಿ. ಕಿರುಬೆರಳಷ್ಟು ಉದ್ದ, ಎರಡು ಬೆರಳು ಅಗಲದ ತುಂಡು ಸಾಕು. ಟೂತ್‌ಪೇಸ್ಟಿನ ಟ್ಯೂಬ್ ಕತ್ತರಿಸಿದ ತುಂಡೂ ನಡೆಯುತ್ತದೆ.

ಟ್ಯೂಬ್ ದ್ವೀಪದಲ್ಲಿ ಸಿಗುತ್ತದೆ ಅಂತ ನೆಚ್ಚಬೇಡಿ. ಹಳ್ಳಿಯ ಅಂಗಡಿಯಲ್ಲಿ ಇರುವುದು ಪೊದೇರ್ (ಬೇಕರಿಯವ) ಪಾವ್ ಮಾರಲು ತರುವ ಸೈಕಲ್ಲಿನ 28×1½ ಟ್ಯೂಬ್. ರಬ್ಬರ್ ಹಿಗ್ಗಿ 700×40ಕ್ಕೆ ಕೂರುತ್ತದೆ, ಆದರೆ ವಾಲ್ವ್ ದಪ್ಪ. ಪ್ರೆಸ್ಟಾ (ನಿಮ್ಮಂಥ ಸೈಕಲ್ಲಿನ ತೆಳು ವಾಲ್ವ್) ರಿಮ್ಮಿನ ತೂತು 6.5 ಮಿ.ಮೀ., ಆ ವಾಲ್ವಿಗೆ 8.5 ಬೇಕು. ರಿಮ್ ಕೊರೆಸುವ ಹುಚ್ಚಿಗೆ ಹೋಗಬೇಡಿ. ತಲಾ ಎರಡು ಟ್ಯೂಬ್, ಜೊತೆಗೆ ಹಿತ್ತಾಳೆಯ ಪ್ರೆಸ್ಟಾ ಅಡಾಪ್ಟರ್ ಒಂದು. ಅದಿದ್ದರೆ ಸ್ಕೂಟರ್ ಪಂಕ್ಚರ್ ಅಂಗಡಿಯ ಗಾಳಿಯೂ ಹಿಡಿಯುತ್ತದೆ.

ಬೈನಾ_ಬ್ರೇಕ್:
ಅಣ್ಣಾರ, ಡಿರೇಲರ್ ಹ್ಯಾಂಗರ್ (ಹಿಂದಿನ ಗೇರ್ ಬದಲಿಸೋ ಡಿರೇಲರ್ ಫ್ರೇಮಿಗೆ ಕೂಡಿಸೋ ಸಣ್ಣ ಲೋಹದ ತುಂಡು) ಮರತ್ರಿ. ಇಲ್ಲಿ ಸವಾರಿ ಅರ್ಧಕ್ಕ ನಿಲ್ಲೋದು ಪಂಕ್ಚರ್‌ಕ್ಕಿಂತ ಹ್ಯಾಂಗರ್ ಮುರದು. ಜೇಡಿ ಹುಲ್ಲು ಕೂಡಿ ಚೈನಿಗೆ ಸುತ್ಕೊಂಡು ಡಿರೇಲರ್ ಒಳಗ ಹೋಗತೈತಿ, ಸವಾರ ತಿಳೀದ ಒತ್ತಿ ತುಳೀತಾನ, ಟಕ್ ಅಂತ ಮುರೀತೈತಿ. ಒಬ್ಬರ ಹ್ಯಾಂಗರ್ ಇನ್ನೊಬ್ಬರ ಫ್ರೇಮಿಗೆ ಬರಂಗಿಲ್ಲ. ನಾಕು ಸೈಕಲ್ಲಿಗೆ ನಾಕು ಬ್ಯಾರೆ ಬ್ಯಾರೆ ಹ್ಯಾಂಗರ್ ಹುಬ್ಬಳ್ಳ್ಯಾಗ ತಗೊಂಡು, ಒಮ್ಮೆ ಕೂಡಿಸಿ ನೋಡೇ ಬರ್ರಿ. ತುಳಿಯೋದು ಇದ್ದಕ್ಕಿದ್ದಂಗ ಬಿಗಿ ಅನಿಸಿದ್ರ ಅಲ್ಲೇ ನಿಂತು ಕಡ್ಡೀಲೆ ಜೇಡಿ ಕೆದರಿ ತಗೀರಿ, ಆಮ್ಯಾಲೆ ತುಳೀರಿ. ಟಯರಿಗೂ ಫ್ರೇಮಿಗೂ ನಡುವ ಎರಡೂ ಬದಿ 6 ಮಿ.ಮೀ. ಆದ್ರೂ ಸಂದು ಇರಬೇಕು.

ಹುಬ್ಬಳ್ಳಿ_ಹವಾ:
ಹ್ಯಾಂಗರ್ ಮಾತು ತಲ್ಯಾಗ ಇರಲಿಲ್ಲ, ಬರಕೊಂಡೆ. ಗೇರ್ ಬಗ್ಗೆ ಒಂದು. ಗ್ರಾವೆಲ್ ಬೈಕಿಗೆ ಮುಂದ ಒಂದೇ 40 ಹಲ್ಲಿನ ಚಕ್ರ, ಹಿಂದ 11–42 ಹಲ್ಲು. ಹೈಬ್ರಿಡ್‌ಕ್ಕ ಮುಂದ 48-38-28, ಹಿಂದ 11–32. ಏರಿಗೆ ಹೈಬ್ರಿಡ್ ಮಂದಿ ಹಿಂದ ಬೀಳತಾರೇನು?

ಅಲೆನ್‌ಕೀ_5:
ಇಲ್ಲ, ಉಲ್ಟಾ. 40ಕ್ಕೆ 42 ಅಂದರೆ ಒಂದು ತುಳಿತಕ್ಕೆ ಸುಮಾರು 2.1 ಮೀಟರ್. 28ಕ್ಕೆ 32 ಅಂದರೆ 1.9 ಮೀಟರ್. ಹೈಬ್ರಿಡ್‌ನ ಸಣ್ಣ ಗೇರ್ ಇನ್ನೂ ಹಗುರ, ಪಿಯದಾದೆ ಏರಿನಲ್ಲಿ ಅವರಿಗೇ ಸುಲಭ. ಏರಿನ ಬುಡದಲ್ಲೇ ಸಣ್ಣದಕ್ಕೆ ಇಳಿಸಿಕೊಳ್ಳಬೇಕು ಅಷ್ಟೇ. ನಡು ಏರಿನಲ್ಲಿ ಒತ್ತಡದ ಮೇಲೆ ಮುಂದಿನ ಚೈನ್‌ರಿಂಗ್ ಬದಲಿಸಿದರೆ ಚೈನು ಒಳಕ್ಕೆ ಬೀಳುತ್ತದೆ.

ಬ್ರೇಕ್ ಪ್ಯಾಡ್ ನೋಡಿದ್ದೀರಾ? ಕೆಂಪುಮಣ್ಣು ನೀರು ಕೂಡಿದರೆ ಅರೆಯುವ ಕಲ್ಲಿನ ಹಾಗೆ, ರೆಸಿನ್ ಪ್ಯಾಡ್ ಬೇಗ ಸವೆಯುತ್ತದೆ. ಪ್ಯಾಡಿನ ಮಸಾಲೆ 1 ಮಿ.ಮೀ.ಗಿಂತ ಕಡಿಮೆ ಇದ್ದರೆ ಮೊದಲೇ ಬದಲಿಸಿ. ಮೆಟಲ್ ಪ್ಯಾಡ್ ಹಾಕುವವರು ರೋಟರ್ (ಪ್ಯಾಡ್ ಹಿಡಿಯುವ ಲೋಹದ ತಟ್ಟೆ) ಮೇಲೆ ಬರೆದದ್ದನ್ನು ಓದಿ. ಕಡಿಮೆ ಬೆಲೆಯ ಸೈಕಲ್ಲುಗಳ ರೋಟರ್ ರೆಸಿನ್ ಪ್ಯಾಡಿಗೆ ಮಾತ್ರ ಮಾಡಿದ್ದು, ಮೆಟಲ್ ಹಾಕಿದರೆ ರೋಟರನ್ನೇ ತಿನ್ನುತ್ತದೆ.

ರಿಬಂದರ್_ದಂಡೆ:
ಫೆರಿಯ ಬಗ್ಗೆ ಕೇಳಿದ್ದಿರಿ. ಟಿಕೆಟ್, ರಿಸರ್ವೇಶನ್ ಏನೂ ತಲೆನೋವಿಲ್ಲ, ಕಷ್ಟವೆಲ್ಲ ಧಕ್ಕೆಯ ಇಳಿಜಾರಿನಲ್ಲಿ. ಉಬ್ಬರದಲ್ಲಿ ಇಳಿಜಾರು ಬಹುಪಾಲು ಮುಳುಗಿರುತ್ತದೆ, ಫೆರಿ ಮೇಲಕ್ಕೇ ಬಂದು ನಿಲ್ಲುತ್ತದೆ, ಸಲೀಸು. ಇಳಿತದಲ್ಲಿ ಪಾಚಿ ಹಿಡಿದ ಕೆಳಭಾಗ ಬಯಲಾಗುತ್ತದೆ. ಅಲ್ಲಿ ತುಳಿದುಕೊಂಡು ಇಳಿಯುವುದು ಬೇಡ, ಸೈಕಲ್ ತಳ್ಳಿಕೊಂಡೇ ಹೋಗಿ. ಕ್ಲೀಟ್ (ಪೆಡಲಿಗೆ ಕಚ್ಚುವ ಅಡಿಯ ಗಟ್ಟಿ ತುಂಡು) ಇರುವ ಶೂ ಹಾಕಿದ್ದರೆ ಅಂಚಿಗೆ ಸರಿದು, ವಾಹನದ ಚಕ್ರ ಪಾಚಿ ಉಜ್ಜಿ ತೆಗೆದ ಗೆರೆಯಲ್ಲಿ ಕಾಲಿಡಿ.

ಫೆರಿಯಲ್ಲಿ ಸೈಕಲ್ಲನ್ನು ಪಕ್ಕದ ಕಂಬಿಗೆ ಒರಗಿಸಿ, ಡಿರೇಲರ್ ಇರುವ ಬದಿ ಕಂಬಿಯ ಕಡೆಗಿರಲಿ. ಸ್ಕೂಟರುಗಳು ಒಂದಕ್ಕೊಂದು ತಾಗಿಕೊಂಡು ನಿಲ್ಲುತ್ತವೆ, ಯಾರದೋ ಹ್ಯಾಂಡಲ್ ಡಿರೇಲರಿಗೆ ಬಡಿಯುವುದು ಹೀಗೆಯೇ. ಇಳಿಯುವಾಗ ಅವರೆಲ್ಲ ಹೋಗಲಿ, ಕೊನೆಗೆ ಇಳಿಯಿರಿ. ನಾರ್ವೆ ಫೆರಿಯ ಹೊತ್ತನ್ನು ಪಿಯದಾದೆಯಲ್ಲಿ ಅಂಗಡಿಯವರನ್ನು ಕೇಳಿದರೆ ಸರಿಯಾಗಿ ಹೇಳುತ್ತಾರೆ.

ನಾರ್ವೆಯಲ್ಲಿ ಇಳಿದವರು ಸಪ್ತಕೋಟೀಶ್ವರನ ಗುಡಿಗೆ ಹತ್ತು ನಿಮಿಷ ಕೊಡಿ. ಗೋವಾ ಕದಂಬರ ಕುಲದೇವರು. ಮೂಲ ಗುಡಿ ದಿವಾರಿನಲ್ಲೇ ಇತ್ತು. ಪೋರ್ಚುಗೀಸರು ಕೆಡವಿದ ಮೇಲೆ ಲಿಂಗ ಹೊಳೆ ದಾಟಿ ಇಲ್ಲಿಗೆ ಬಂತು, 1668ರಲ್ಲಿ ಶಿವಾಜಿ ಗುಡಿ ಕಟ್ಟಿಸಿದ. ಕದಂಬರ ನಾಣ್ಯಗಳ ಮೇಲೆ ಈ ದೇವರ ಹೆಸರಿದೆ. ನೀವು ಫೆರಿಯಲ್ಲಿ ಬಂದ ನೀರನ್ನೇ ದೇವರೂ ದಾಟಿದ್ದು. ಕನ್ನಡದವರು ಇದನ್ನು ಬಿಟ್ಟು ಮುಂದೆ ಹೋಗಬಾರದು ಅನ್ನುವುದು ನನ್ನ ಅಭಿಪ್ರಾಯ.

ಮಯೆಂನಿಂದ ಚೋರಾವ್ ತನಕ ಡಾಂಬರು. ಚೋರಾವಿನ ಪಶ್ಚಿಮ ತುದಿಯಲ್ಲಿ ಸಲೀಂ ಅಲಿ ಪಕ್ಷಿಧಾಮ, 1988ರಲ್ಲಿ ಆದದ್ದು, 1.78 ಚದರ ಕಿ.ಮೀ., ಪೂರಾ ಕಾಂಡ್ಲಾ ಕಾಡು. ಅದು ಸೈಕಲ್ಲಿನ ಜಾಗ ಅಲ್ಲ. ಸೈಕಲ್ ಗೇಟಿನ ಹೊರಗೆ ಬೀಗ ಹಾಕಿ, ನಡೆದು ಒಳಗೆ ಹೋಗಿ. ಕಾಲುದಾರಿ ಉಬ್ಬರದಲ್ಲಿ ನೀರು ಕಾಣುತ್ತದೆ.

ಬೈನಾ_ಬ್ರೇಕ್:
ಕುಂಭಾರಜುವೆ ಕಡೆ ಹೋಗೋರಿಗೊಂದು ಮಾತು. ಮಾಂಡವಿಗೂ ಜುವಾರಿಗೂ ಕೂಡಿಸೋ ಆ ಕಾಲುವ್ಯಾಗ ಮೊಸಳಿ ಅದಾವು, ಸುಳ್ಳಲ್ಲ. ಕೆಸರು ಹತ್ತೇತಿ ಅಂತ ಅಲ್ಲಿ ನೀರಿಗಿಳದು ಸೈಕಲ್ ತೊಳೀಬ್ಯಾಡ್ರಿ. ಬಾಟ್ಲಿ ನೀರಾಗ ಚೈನಷ್ಟು ತೊಳಕೊಂಡು ಮನೀಗೆ ಹೋಗ್ರಿ.

ಮತ್ತ ನನ್ನದೊಂದು ಕೇಳಿಕಿ. ವೆಲ್ಸಾವದಿಂದ ಮೊಬೋರ್ ತನಕ 20 ಕಿ.ಮೀ.ಗಿಂತ ಉದ್ದ ಉಸುಕು ಒಂದೇ ಸಮ ಐತಿ. ಇಳಿತದಾಗ ಒದ್ದಿ ಉಸುಕು ಗಟ್ಟಿ ಇರತೈತಿ. ವಾಸ್ಕೋ ಕಡೆ ಕೆಲವರು ಅಲ್ಲೇ ಹೊಡೀತಾರ. ಇವರಿಗೆ ಹೇಳಬೇಕೋ ಬ್ಯಾಡೋ?

ಅಲೆನ್‌ಕೀ_5:
ಬೇಡ ಅನ್ನುತ್ತೇನೆ. ಮಜಾ ಇಲ್ಲ ಅಂತಲ್ಲ, ಸೈಕಲ್ಲಿಗೆ ಬಹಳ ತುಟ್ಟಿ. ಒದ್ದೆ ಉಸುಕಿನ ಮೇಲೆ ಮುಂದಿನ ಚಕ್ರ ಉಪ್ಪುನೀರನ್ನು ನೇರ ಬಾಟಮ್ ಬ್ರಾಕೆಟ್ (ಪೆಡಲ್ ತಿರುಗುವ ಅಚ್ಚಿನ ಬೇರಿಂಗ್), ಹೆಡ್‌ಸೆಟ್ಟಿನ (ಹ್ಯಾಂಡಲ್ ತಿರುಗುವ ಜಾಗ) ಕೆಳ ಬೇರಿಂಗಿಗೆ ಎರಚುತ್ತದೆ. ಅಲ್ಲಲ್ಲಿ ಹಳ್ಳಗಳು ಬೀಚನ್ನು ಕಡಿದು ಸಮುದ್ರ ಸೇರುತ್ತವೆ, ದಾಟುವಾಗ ಹಬ್ ಮುಳುಗುತ್ತದೆ. ಸೀಲ್ ಇದ್ದ ಬೇರಿಂಗ್ ಅಂದರೆ ನೀರು ಹೋಗುವುದೇ ಇಲ್ಲ ಅಂತಲ್ಲ. ಬಿಸಿಯಾದ ಹಬ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ನೀರನ್ನು ಎಳೆದುಕೊಳ್ಳುತ್ತದೆ. ಮೇಲೆ ತೊಳೆದರೂ ಒಳಗಿನ ಉಪ್ಪು ಉಳಿಯುತ್ತದೆ. ನಾಲ್ಕು ದಿನದ ಪ್ರವಾಸಕ್ಕೆ ಬಂದವರಿಗೆ ಬಿಚ್ಚಿ ಗ್ರೀಸ್ ಹಾಕುವ ವ್ಯವಧಾನ ಇರುವುದಿಲ್ಲ.

ಕಗ್ಗ_ಭತ್ತ:
ಮೊರ್ಜಿಂ, ಅಗೊಂದ, ಗಾಲ್ಗಿಬಾಗದ ಕಡೆಯಂತೂ ಚಳಿಗಾಲದಲ್ಲಿ ಕಡಲಾಮೆ ಮೊಟ್ಟೆ ಇಡಲು ಬರುತ್ತದೆ. ಆ ಉಸುಕಿಗೆ ಯಾವ ಚಕ್ರವೂ ಬೇಡ.

ಅಲೆನ್‌ಕೀ_5:
ಬೀಚಿಗೆ ಹೋಗದಿದ್ದರೂ ಇಲ್ಲಿಯ ಗಾಳಿಯಲ್ಲೇ ಉಪ್ಪಿದೆ, ಹಾಗಾಗಿ ದಿನಾ ಸಂಜೆ ಇಷ್ಟು ಮಾಡಿ. ಅರ್ಧ ಬಕೆಟ್ ಸಿಹಿನೀರು, ಮಗ್ಗಿನಲ್ಲಿ ಮೇಲಿನಿಂದ ಸುರಿಯಿರಿ. ಪ್ರೆಶರ್ ಪೈಪ್ ಬೇಡ, ಹಬ್ಬಿನ ಗ್ರೀಸನ್ನೇ ಹೊರಗೆ ದೂಡುತ್ತದೆ. ಚೈನು ಬಟ್ಟೆಯಲ್ಲಿ ಒರೆಸಿ, ಒಣಗಲು ಬಿಟ್ಟು, ಒಂದೊಂದು ಕೊಂಡಿಗೆ ಒಂದೊಂದು ಹನಿ ಎಣ್ಣೆ, ಮತ್ತೆ ಹೊರಗಿನದನ್ನು ಒರೆಸಿ ತೆಗೆಯಿರಿ. ಹೊರಗೆ ಎಣ್ಣೆ ಉಳಿದರೆ ಕೆಂಪು ಧೂಳು ಅಂಟಿ ಮರಳುಕಾಗದದಂತೆ ಹಲ್ಲು ತಿನ್ನುತ್ತದೆ. ಡಿಸೆಂಬರಿಗೆ ಡ್ರೈ ಲ್ಯೂಬ್ ಸಾಕು. ಮೇಣ ಹಾಕಿದ ಚೈನು ಧೂಳಿಗೆ ಬಹಳ ಒಳ್ಳೆಯದು, ಆದರೆ ಉಪ್ಪುನೀರು ತಾಗಿದ ರಾತ್ರಿಯೇ ತುಕ್ಕು ಹಿಡಿಯುತ್ತದೆ.

ಊರಿಗೆ ಹೋದ ಮೇಲೆ ಸೀಟ್‌ಪೋಸ್ಟ್ ಒಮ್ಮೆ ಪೂರ್ತಿ ಎಳೆದು ತೆಗೆಯಿರಿ. ಸ್ಟೀಲ್ ಫ್ರೇಮಿನಲ್ಲಿ ಅಲ್ಯೂಮಿನಿಯಂ ಪೋಸ್ಟ್, ನಡುವೆ ಉಪ್ಪಿನ ತೇವ, ಇಷ್ಟು ಸೇರಿದರೆ ಎರಡು ಲೋಹಗಳ ನಡುವೆ ತುಕ್ಕು ಬೆಳೆದು ಬೆಸುಗೆ ಹಾಕಿದಂತೆ ಕಚ್ಚಿಕೊಳ್ಳುತ್ತದೆ. ಒರೆಸಿ, ಗ್ರೀಸ್ ಸವರಿ, ಮತ್ತೆ ಇಳಿಸಿ. ಕಾರ್ಬನ್ ಇದ್ದರೆ ಗ್ರೀಸ್ ಅಲ್ಲ, ಕಾರ್ಬನ್ ಪೇಸ್ಟ್. ಅಳತೆಗೆ ಮೊದಲೇ ಟೇಪ್ ಸುತ್ತಿ ಗುರುತು ಮಾಡಿಕೊಳ್ಳಿ. ಪೋಸ್ಟ್ ತೆಗೆದಾಗ ಸೈಕಲ್ ತಲೆಕೆಳಗು ಮಾಡಿ, ಒಳಗೆ ನೀರು ನಿಂತಿದ್ದರೆ ಹೊರಗೆ ಬರುತ್ತದೆ.

ಹುಬ್ಬಳ್ಳಿ_ಹವಾ:
ಎರಡನೇ ದಿನಕ್ಕ ಬ್ಯಾರೆ ಸುತ್ತು ಐತೇನ್ರಿ? ಮ್ಯಾಪ್‌ದಾಗ ಬಾಂದ್ ದಾರಿ ತೋರಸ್ತೈತಿ, ನಂಬಬಹುದಾ?

ರಿಬಂದರ್_ದಂಡೆ:
ಎರಡನೇ ದಿನ ಕೋರ್ಜುವೆ. ರಿಬಂದರ್ ಫೆರಿಯಲ್ಲಿ ಚೋರಾವ್, ಚೋರಾವಿನಿಂದ ಇನ್ನೊಂದು ಫೆರಿಯಲ್ಲಿ ಪೊಂಬುರ್ಪಾ, ಅಲ್ಲಿಂದ ಅಲ್ದೋನಾ. ಅಲ್ದೋನಾದ ಹತ್ತಿರ ತಂತಿಗಳಿಂದ ತೂಗುಹಾಕಿದ ಸೇತುವೆ ದಾಟಿದರೆ ಕೋರ್ಜುವೆ ದ್ವೀಪ. 1705ರ ಸಣ್ಣ ಕೋಟೆ ಇದೆ, ಪೂರಾ ಚಿರೇಕಲ್ಲು, ಮೇಲೆ ನಿಂತರೆ ಮಾಪುಸಾ ಹೊಳೆ ಕಾಣುತ್ತದೆ. ವಾಪಸ್ ಬರುವಾಗ ಪೊಂಬುರ್ಪಾ, ಬ್ರಿಟೋನಾ ಮೇಲೆ ಹೊಳೆಯ ಬದಿಗೆ ಬೆತಿಮ್ ತಲುಪಿ, ಬೆತಿಮ್ ಫೆರಿಯಲ್ಲಿ ಪಣಜಿಗೆ ಇಳಿಯಿರಿ. ಹೀಗೆ ಬಂದರೆ ಮಾಂಡವಿ ಸೇತುವೆಗಳ ಗದ್ದಲ ತಪ್ಪುತ್ತದೆ. ಸುಮಾರು 35 ಕಿ.ಮೀ.

ಮ್ಯಾಪನ್ನು ಅರ್ಧ ನಂಬಿ. ಬಾಂದ್ ಗೆರೆ ಇದೆ ಅಂದರೆ ಒಂದು ಕಾಲದಲ್ಲಿ ಬಾಂದ್ ಇತ್ತು ಅಂತಷ್ಟೇ. ನಡುವೆ ಒಡೆದಿರಬಹುದು, ತೂಬಿನ ಮೇಲಿನ ಹಲಗೆ ಹೋಗಿರಬಹುದು. ಹಿಂದಿನ ರಾತ್ರಿ ಉಪಗ್ರಹ ಚಿತ್ರ ಹಿಗ್ಗಿಸಿ ನೋಡಿ: ಗೆರೆಯ ಎರಡೂ ಬದಿಯ ನೀರಿನ ಬಣ್ಣ ಒಂದೇ ಆಗಿದ್ದು, ಒಳಗೆ ಕಾಂಡ್ಲಾ ಗಿಡ ಬೆಳೆದಿದ್ದರೆ ಆ ಬಾಂದ್ ಒಡೆದು ವರ್ಷಗಳಾಗಿವೆ. ಒಳಗೆ ಚೌಕ ಚೌಕವಾಗಿ ಗದ್ದೆ ಕಂಡರೆ ಬಾಂದ್ ಜೀವಂತ ಇದೆ. ಒಂದು ಬಾಂದ್‌ಗೆ ಹೋಗುವ ಮುಂಚೆ ಹಿಂದೆ ಬರುವಷ್ಟು ಹೊತ್ತು, ನೀರು ಇದೆಯೇ ಅಂತ ನೋಡಿಕೊಳ್ಳಿ. ನೆರಳು ಎಲ್ಲೂ ಇಲ್ಲ. ತಲಾ 2 ಲೀಟರ್ ನೀರು, ಓಆರ್‌ಎಸ್ ಒಂದು ಪೊಟ್ಟಣ 1 ಲೀಟರಿಗೆ. ಮಧ್ಯಾಹ್ನ ಒಂದರಿಂದ ನಾಲ್ಕರ ತನಕ ಹಳ್ಳಿಯ ಅಂಗಡಿಗಳು ಬಾಗಿಲು ಹಾಕುತ್ತವೆ, ತಿನ್ನುವುದು ಕುಡಿಯುವುದು ಅದಕ್ಕೆ ಮೊದಲೇ ಆಗಲಿ.

ಬಿಚೋಲಿ ಕಡೆಯ ಗಣಿ ರಸ್ತೆಗಳು ಮ್ಯಾಪಿನಲ್ಲಿ ಅಗಲವಾಗಿ ಚೆನ್ನಾಗಿ ಕಾಣುತ್ತವೆ. ಅವು ಲಾರಿಯ ದಾರಿ, ಖಾಸಗಿ ಜಾಗ. ಹೋಗಬೇಡಿ.

ಕಗ್ಗ_ಭತ್ತ:
ಉಬ್ಬರದ ಲೆಕ್ಕ ಯಾರೂ ಹೇಳಲಿಲ್ಲ. ಮುರ್ಗಾಂವ್ ಬಂದರಿನ ಪಟ್ಟಿ ನೋಡಿ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ದಿನಾ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ ಹುಣ್ಣಿಮೆಯಲ್ಲಿ ದೊಡ್ಡ ನೀರು, ಏರಿಳಿತ 2 ಮೀಟರಿನಷ್ಟು. ಈ ಕರಾವಳಿಯಲ್ಲಿ ಆ ದಿನಗಳ ಉಬ್ಬರ ಬರುವುದು ನಡುಹಗಲಿನ ಆಸುಪಾಸು. ಅಂದರೆ ನೀವು ಬಾಂದ್ ಮೇಲೆ ಇರುವ ಹೊತ್ತಿಗೆ ಸರಿಯಾಗಿ ನೀರು ಏರುತ್ತಿರುತ್ತದೆ, ತಗ್ಗಾದ ಒಡ್ಡಿನ ಮೇಲೆ ಹತ್ತುತ್ತದೆ. ಅಷ್ಟಮಿಯ ಹತ್ತಿರ ಇದು ತಿರುಗುಮುರುಗು: ನೀರು ಸಣ್ಣದು, ಬೆಳಿಗ್ಗೆ ಇಳಿಯುತ್ತ ಹೋಗಿ ಹನ್ನೊಂದರ ಸುಮಾರಿಗೆ ತಳ ಕಾಣುತ್ತದೆ. ಬಾಂದ್ ಸವಾರಿಗೆ ಅಷ್ಟಮಿಯಷ್ಟು ಒಳ್ಳೆ ದಿನ ಇಲ್ಲ. ಪಂಚಾಂಗ ನೋಡಿ ರಜೆ ಹಾಕಿ.

ಹುಬ್ಬಳ್ಳಿ_ಹವಾ:
ನಮ್ಮ ದಿನಗಳು ಅಷ್ಟಮಿಯಿಂದ ಏಕಾದಶಿ ತನಕ ಬೀಳತಾವು. ಅಷ್ಟಮಿ ದಿನ ಕೋರ್ಜುವೆ ಮಾಡಿ ಮೈ ಸಡಲ ಮಾಡ್ಕೊಂಡು, ಏಕಾದಶಿಗೆ ದಿವಾರಿನ ದೊಡ್ಡ ಸುತ್ತು ಇಟ್ಕೊಂಡೀವಿ.

ಕಗ್ಗ_ಭತ್ತ:
ಅದಲು ಬದಲು ಮಾಡಿ. ಏಕಾದಶಿಗೆ ಇಳಿತ ಎರಡೂವರೆ ತಾಸು ಮುಂದೆ ಹೋಗಿರುತ್ತದೆ, ಬೆಳಿಗ್ಗೆ ಏಳರ ಸುಮಾರಿಗೆ ತುಂಬಿದ ಹೊಳೆ, ನೀರೂ ದೊಡ್ಡದಾಗುತ್ತ ಬರುತ್ತದೆ. ಬಾಂದ್ ಇರುವ ದಿವಾರ್ ಅಷ್ಟಮಿಗೆ, ಡಾಂಬರು ಹೆಚ್ಚಿರುವ ಕೋರ್ಜುವೆ ಏಕಾದಶಿಗೆ. ಮುರ್ಗಾಂವ್ ಪಟ್ಟಿ ಸಮುದ್ರದ ಬಾಯಿಯದು. ಮಾಂಡವಿಯಲ್ಲಿ ಉಬ್ಬರ ಗಾಂಜೆ ತನಕ, ಸುಮಾರು 50 ಕಿ.ಮೀ. ಒಳಗೆ ಹೋಗುತ್ತದೆ, ಮೇಲೆ ಹೋದಷ್ಟೂ ತಡ. ದಿವಾರಿನಲ್ಲಿ ಪಟ್ಟಿಗಿಂತ ಸ್ವಲ್ಪ ತಡವಾಗಿಯೇ ತಳ ಕಾಣುತ್ತದೆ ಅಂತ ಇಟ್ಟುಕೊಳ್ಳಿ.

ರಿಬಂದರ್_ದಂಡೆ:
ಅಷ್ಟಮಿಗೆ ದಿವಾರ್ ಅಂದರೆ ನೀವು ನಾರ್ವೆ ಧಕ್ಕೆಗೆ ಬರುವುದು ಹತ್ತೂವರೆ ಹನ್ನೊಂದಕ್ಕೆ, ಸರಿಯಾಗಿ ತಳಮಟ್ಟದಲ್ಲಿ. ಪಾಚಿಯ ಇಳಿಜಾರು ಪೂರ್ತಿ ಬಯಲಾಗಿರುತ್ತದೆ. ಕ್ಲೀಟ್ ಶೂ ಹೋಟೆಲಿನಲ್ಲೇ ಇರಲಿ, ಸಾದಾ ರಬ್ಬರ್ ಅಡಿಯ ಶೂ ಹಾಕಿ ಬನ್ನಿ.